ಸಹಮಿನ ದೊಡ್ಡ ಮನೆಯ ಗೋಡೆ

ಹಸಿ ಸುಣ್ಣದ ವಾಸನೆ ನನಗೆ ಆಗುವುದಿಲ್ಲ. ಅಲರ್ಜಿಯೇನೂ ಇಲ್ಲ, ಅದರಿಂದ ದೂರ ಇರುತ್ತೇನೆ, ಅಷ್ಟೇ. ಅಲ್ ಖೌದ್‌ನಲ್ಲಿ ನಮ್ಮ ಫ್ಲ್ಯಾಟಿನ ಗೋಡೆಗಳಿಗೆಲ್ಲ ಪೇಂಟು. ಈ ಅರಬ್ಬಿ ನಾಡಿನಲ್ಲಿ ಯಾರ ಮನೆಯಲ್ಲೂ ಸುಣ್ಣ ಬಳಿಯುವ ಕ್ರಮ ಇಲ್ಲ. ಹಾಗಾಗಿ ಇಷ್ಟು ವರ್ಷ ಬಚಾವಾಗಿದ್ದೆ. ಕಳೆದ ತಿಂಗಳು ಸುಲೈಮಾನ್ ಫೋನ್ ಮಾಡಿ, "ಸಿಸ್ಟರ್, ಸಹಮಿನ ನಮ್ಮ ಅಜ್ಜಿಯ ಮನೆಯ ರಿಪೇರಿ ಮುಗಿಯಿತು. ಜನರಿಗೆ ನೋಡಲು ತೆರೆದಿದ್ದೇವೆ. ನೀವು ಅಲ್ಲಿ ಇದ್ದವರು, ಬರಲೇಬೇಕು" ಅಂದರು. ಇಲ್ಲ ಅನ್ನಲು ನೆವ ಹುಡುಕಿದೆ, ಸಿಗಲಿಲ್ಲ. ಶುಕ್ರವಾರ ಮಗಳು ರಿಯಾಳನ್ನು ಕರೆದುಕೊಂಡು ಹೋದೆ. ಮೆಟ್ಟಿಲ ಬುಡದಲ್ಲಿ ಹೊಸ ಸುಣ್ಣದ ಘಾಟು ಮೂಗಿಗೆ ಬಡಿಯಿತು. ಮಂಡಿ ನೋವಿನ ನೆಪ ಹೇಳಿ ಅಲ್ಲೇ ಕೂತುಬಿಟ್ಟೆ.

ಎಂಟು ವರ್ಷದ ಹಿಂದೆ ಒಂದು ಚಳಿಗಾಲ ಈ ಮನೆ ನಮ್ಮದಾಗಿತ್ತು. ನಮ್ಮದು ಅಂದರೆ ಬಾಡಿಗೆಯದ್ದೂ ಅಲ್ಲ, ಕಂಪನಿ ಕೊಟ್ಟ ಕ್ವಾರ್ಟರ್ಸ್.

ಸಹಮಿನ ದಂಡೆಯಲ್ಲಿ ಒಂದು ಕಾಲಕ್ಕೆ ಇಂಥ ಮೂರು ಮನೆಗಳಿದ್ದವಂತೆ. ಊರು ಊರಾಗುವ ಮೊದಲೇ ಬಂದು ನೆಲೆ ನಿಂತ ಸಾಹುಕಾರರ ಮನೆಗಳು. ಖರ್ಜೂರ, ಒಣನಿಂಬೆ, ಒಣಮೀನು ತುಂಬಿ ಮಂಜಿ ಎಂಬ ಹಾಯಿಹಡಗುಗಳನ್ನು ಮಂಗಳೂರಿಗೂ ಮಲಬಾರಿಗೂ ಕಳಿಸಿ, ಬರುವಾಗ ಅಕ್ಕಿ, ಮರ, ಕಾಳುಮೆಣಸು, ತೆಂಗಿನ ಹಗ್ಗ ತರಿಸುತ್ತಿದ್ದವರು. ನಾವು ಹೋಗುವಾಗ ಎರಡು ಮನೆಗಳು ಬಿದ್ದುಹೋಗಿ ಮೊಣಕಾಲೆತ್ತರದ ಗೋಡೆಗಳಾಗಿದ್ದವು, ಆಡುಗಳು ನೆರಳಿಗೆಂದು ಅಲ್ಲಿ ಮಲಗುತ್ತಿದ್ದವು. ಉಳಿದದ್ದು ಹಮೂದ್ ಸಾಹುಕಾರರ ಮನೆ ಒಂದೇ. ಎರಡು ಅಂತಸ್ತು, ಮೊಳ ದಪ್ಪದ ಗೋಡೆ, ಸಮುದ್ರದ ಕಡೆಗೆ ಸಾಲು ಕಿಟಕಿ, ಕೆತ್ತನೆಯ ಬಾಗಿಲು. ಕೆಳಗೆ ಕಂಪನಿಯ ಗೋಡೌನು: ಗೊಬ್ಬರದ ಮೂಟೆ, ಪೈಪು, ತೋಟಗಳಿಗೆ ಹೋಗುವ ಪಂಪಿನ ಸಾಮಾನು. ನನ್ನ ಗಂಡ ರೋನಿ ಅಲ್ಲಿ ಸ್ಟೋರ್‌ಕೀಪರ್. ಕಂಪನಿಯ ಕಫೀಲ್, ಅಂದರೆ ನಮ್ಮ ವೀಸಾಕ್ಕೆ ಹೊಣೆಯಾದ ಅರಬ್ಬಿ ಯಜಮಾನ, ಆ ಸಾಹುಕಾರರ ತಮ್ಮನ ಮೊಮ್ಮಗ. ಮೇಲಿನ ಎರಡು ಕೋಣೆ ನಮಗೆ ಬಿಟ್ಟುಕೊಟ್ಟಿದ್ದ. ನಾನು ಊರಿನ ಕ್ಲಿನಿಕ್ಕಿನಲ್ಲಿ ನರ್ಸ್. ರಿಯಾಗೆ ಆಗ ಆರು ವರ್ಷ.

ಊರಿನಲ್ಲಿ, ಶಿರ್ವದಲ್ಲಿದ್ದ ನನ್ನ ಅಮ್ಮನಿಗೆ ಫೋನಿನಲ್ಲಿ, "ಅರಮನೆಯಲ್ಲಿದ್ದೇವೆ" ಎಂದು ಜಂಬ ಕೊಚ್ಚಿಕೊಂಡದ್ದೂ ಆಯಿತು. ಅರಮನೆಯ ಮಾಳಿಗೆಯಿಂದ ಮಣ್ಣು ಸಾರಿನ ಪಾತ್ರೆಗೆ ಉದುರುತ್ತಿತ್ತು ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಮನೆಯ ನಿಜವಾದ ಯಜಮಾನ ಇದಿನಬ್ಬ ಕಾಕ. ಬಂಟ್ವಾಳದ ಕಡೆಯ ಬ್ಯಾರಿ. ಮೂವತ್ತು ವರ್ಷದಿಂದ ಆ ಗೋಡೌನಿನ ಕಾವಲು, ಕೀಲಿ, ಲೆಕ್ಕ, ಅಡುಗೆ ಎಲ್ಲವೂ ಅವರದ್ದೇ. ನಾವು ಬರುವ ತನಕ ಮೇಲಿನ ಕೋಣೆಯಲ್ಲಿ ಅವರೇ ಇದ್ದರು. ನಮಗಾಗಿ ಚಾಪೆ ಸುತ್ತಿಕೊಂಡು ಕೆಳಗೆ ಇಳಿದವರು ಒಂದು ದಿನವೂ ಮುಖ ಸಣ್ಣ ಮಾಡಲಿಲ್ಲ. ನಮ್ಮ ಊರಿನ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ರೂಢಿಯಂತೆ ರೋನಿ ಅವರಿಗೆ "ಪೊರ್ಬು", ನಾನು "ಬಾಯಮ್ಮ". ಮೊದಲ ದಿನವೇ ಬಾಗಿಲನ್ನು ತಟ್ಟಿ ತೋರಿಸಿದ್ದರು.

"ನೋಡಿ ಬಾಯಮ್ಮ, ಈ ಮರ ನಮ್ಮ ಊರಿಂದು. ನಮಗಿಂತ ಎಷ್ಟೋ ಮೊದಲು ಬಂದದ್ದು. ವೀಸಾ ಇಲ್ಲ, ಮೆಡಿಕಲ್ ಇಲ್ಲ, ಎಂತದೂ ಇಲ್ಲ. ಹೇಗೆ ಸುಖವಾಗಿ ಉಂಟು ನೋಡಿ!"

ಸೆಪ್ಟೆಂಬರಿನಲ್ಲಿ ಹೋದಾಗ ಸೆಕೆ ಎಂದರೆ ಸೆಕೆ. ಒಗೆದ ಬಟ್ಟೆ ಸಮುದ್ರದ ಗಾಳಿಗೆ ಒಣಗುವ ಬದಲು ಇನ್ನಷ್ಟು ಒದ್ದೆಯಾಗುತ್ತಿತ್ತು. ನವೆಂಬರ್ ಹೊತ್ತಿಗೆ ಗಾಳಿ ತಿರುಗಿತು. ಬೆಳಿಗ್ಗೆ ಮೀನಿನ ದೋಣಿಗಳು ಬರುವಾಗ ಕಿಟಕಿಯಲ್ಲಿ ನಿಂತರೆ ಮೈಗೆ ಶಾಲು ಬೇಕು ಅನಿಸುವಷ್ಟು ತಂಪು. ಕಾಕ ದಂಡೆಗೆ ಹೋಗಿ ಬಂಗುಡೆ ತಂದು, "ನಿಮ್ಮ ಲೆಕ್ಕದ್ದು, ನಮ್ಮ ಲೆಕ್ಕದ್ದು" ಎಂದು ಪಾಲು ಹಾಕುವರು. ನಮ್ಮ ಪಾಲು ಯಾವಾಗಲೂ ದೊಡ್ಡದೇ. ರಿಯಾ ಶಾಲೆಯಿಂದ ಬಂದು ಒಳಕೋಣೆಯ ನೆಲದಲ್ಲಿ ಬಣ್ಣದ ಪೆನ್ಸಿಲ್ ಹರಡಿಕೊಂಡು ಕೂತರೆ ಊಟಕ್ಕೆ ಕರೆಯುವ ತನಕ ಏಳುತ್ತಿರಲಿಲ್ಲ. ಒಟ್ಟಿನಲ್ಲಿ ಸುಖವಾಗಿಯೇ ಇದ್ದೆವು. ಈಗ ಹಾಗೆ ಹೇಳಲು ನಾಚಿಕೆಯಾಗುತ್ತದೆ.

ಡಿಸೆಂಬರಿನಲ್ಲಿ ಸುಲೈಮಾನ್ ಮೊದಲ ಸಲ ಬಂದರು. ತುಂಬ ವರ್ಷ ಎಳೆದಾಡಿದ್ದ ಆಸ್ತಿಯ ಪಾಲು ಮುಗಿದು, ಮನೆ ಅವರ ಅಜ್ಜಿಯ ಹೆಸರಿಗೆ ಬಂದಿತ್ತು. ಅಜ್ಜಿ ಮೌಝಾ, ಹಮೂದ್ ಸಾಹುಕಾರರ ಮಗಳು. ಎಂಬತ್ತು ದಾಟಿದವರು. ಹದಿನೈದಕ್ಕೆ ಮದುವೆಯಾಗಿ ಬರ್ಕಾ ಎಂಬ ಊರಿಗೆ ಹೋದವರು ಮತ್ತೆ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. "ಜನವರಿಯಲ್ಲಿ ಒಂದು ಸಲ ಕರೆತರುತ್ತೇನೆ. ಸಾಯುವ ಮುಂಚೆ ಮೇಲಿನ ಕೋಣೆ ನೋಡಬೇಕಂತೆ. ಯಾಕೆಂದು ನನಗೂ ಹೇಳುವುದಿಲ್ಲ" ಎಂದು ಸುಲೈಮಾನ್ ನಕ್ಕರು. ನಮ್ಮನ್ನು ಎಬ್ಬಿಸುವುದಿಲ್ಲ, ಹೆದರಬೇಡಿ ಎಂದೂ ಹೇಳಿ ಹೋದರು.

ಅವರು ಹೋದ ಮೇಲೆ ನಾನು ಕೋಣೆಯನ್ನು ನೆಂಟರ ಕಣ್ಣಿನಿಂದ ನೋಡಿದೆ. ಒಳಕೋಣೆಯ ಒಂದು ಗೋಡೆ ಕೆಳಭಾಗದಲ್ಲಿ ಪೂರಾ ಕಪ್ಪು. ನಾವು ಬರುವ ಮೊದಲು ವರ್ಷಗಟ್ಟಲೆ ಅಲ್ಲೇ ಸ್ಟವ್ ಇಟ್ಟು ಅಡುಗೆ ಮಾಡಿದ್ದರು. ಹೊಗೆ, ಎಣ್ಣೆಜಿಡ್ಡು, ಅದರ ಕೆಳಗೆ ಏನೇನೋ ಗೀಚು. ನಾನು ಅದರ ಮುಂದೆ ಅಕ್ಕಿ ಡಬ್ಬ ಇಟ್ಟು ಮುಚ್ಚಿದ್ದೆ. ತವರಿಗೆ ಬರುವ ಮುದುಕಿಗೆ ಈ ಮಸಿ ತೋರಿಸುವುದೇ? ನಮ್ಮಲ್ಲಿ ಕ್ರಿಸ್ಮಸ್ಸಿಗೆ ಮುಂಚೆ ಮನೆಗೆ ಸುಣ್ಣ ಬಳಿಯದಿದ್ದರೆ ಅಮ್ಮ ಗೋದಲಿ ಕಟ್ಟಲು ಬಿಡುತ್ತಿರಲಿಲ್ಲ. ಮದುವೆ ಇರಲಿ, ಮಗಳು ಬಾಣಂತನಕ್ಕೆ ಬರಲಿ, ದೊಡ್ಡವರು ಯಾರಾದರೂ ಮನೆಗೆ ಬರಲಿ, ಮೊದಲ ಕೆಲಸ ಸುಣ್ಣ. ಗೋಡೆ ಬೆಳ್ಳಗಿದ್ದರೆ ಬಂದವರಿಗೆ ಮರ್ಯಾದೆ ಕೊಟ್ಟ ಹಾಗೆ.

ಹೇಳಿದ್ದೇ ತಡ, ಕಾಕ ಕುಣಿದರು. "ಹೌದು ಬಾಯಮ್ಮ, ಪೆರ್ನಾಳ್ ಹಬ್ಬಕ್ಕೆ ನಮ್ಮ ಉಮ್ಮನೂ ಹಾಗೆಯೇ! ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಹಾಕದಿದ್ದರೆ ಬೈತಿದ್ರು."

ಎಲ್ಲಿಂದಲೋ ಒಂದು ಮೂಟೆ ಸುಣ್ಣ ತಂದು ಡ್ರಮ್ಮಿನಲ್ಲಿ ನೆನೆಹಾಕಿದರು. ಊರಲ್ಲಾದರೆ ಕೇದಗೆಯ ಬೇರು ಜಜ್ಜಿ ಕುಂಚ ಮಾಡುತ್ತಿದ್ದೆವು. ಇಲ್ಲಿ ಖರ್ಜೂರದ ಗರಿಯ ದಂಟನ್ನೇ ಜಜ್ಜಿದೆವು. ಸುಣ್ಣ ಹಿಡಿಯಬೇಕಾದರೆ ಮೊದಲು ಗೋಡೆಯ ಜಿಡ್ಡು ಹೋಗಬೇಕಲ್ಲ. ರಿಯಾ ಶಾಲೆಗೆ ಹೋದ ಒಂದು ಗುರುವಾರ, ಕ್ಲಿನಿಕ್ಕಿಗೆ ರಜೆ ಹಾಕಿ, ಸೋಪಿನ ನೀರು, ತೆಂಗಿನ ನಾರು ಹಿಡಿದು ನಾನೇ ಕೂತು ತಿಕ್ಕಿದೆ. ಕಪ್ಪು ನೀರು ಧಾರೆಯಾಗಿ ಇಳಿಯಿತು. ಹೋಗದ ಕಡೆ ಚೂರಿಯಿಂದ ಕೆರೆದೆ. ಬಕೆಟ್ಟು ಬಕೆಟ್ಟು ಮಸಿ ಚೆಲ್ಲಿದ ಕಾಕ, "ಮೂವತ್ತು ವರ್ಷದ ಸಾರು ಬಾಯಮ್ಮ ಇದು!" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಮೂರು ಕೈ ಸುಣ್ಣ. ಸಂಜೆ ಬಿಸಿಲು ಬಿದ್ದಾಗ ಗೋಡೆ ನೀಲಿಯಾಗಿ ಹೊಳೆಯಿತು. ಅಂಥ ಚೆಂದದ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ ಅಂದುಕೊಂಡೆ.

ಜನವರಿಯ ಎರಡನೆಯ ಶನಿವಾರ ಮೌಝಾ ಬಂದರು. ಸಣಕಲು ದೇಹ, ಕಡುಹಸಿರು ಬಟ್ಟೆ, ಕೈತುಂಬ ಮದರಂಗಿ. ಸುಲೈಮಾನ್ ಮತ್ತು ರೋನಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿದರು. ಕಾಕ ಕಾಫಿಯ ಹೂಜಿ ಹಿಡಿದು ಹಿಂದಿನಿಂದ ಬಂದರು. ಅಜ್ಜಿಗೆ ಅರಬ್ಬಿ ಬಿಟ್ಟರೆ ಬೇರೆ ಬಾರದು, ನನ್ನ ಅರಬ್ಬಿ "ಎಲ್ಲಿ ನೋವು, ಎಷ್ಟು ದಿನದಿಂದ" ಎಂಬಲ್ಲಿಗೆ ಮುಗಿಯುತ್ತದೆ. ಕಾಕನೇ ನಮ್ಮ ನಡುವೆ ಮಾತು ದಾಟಿಸಿದವರು.

ಒಳಕೋಣೆಯ ಬಾಗಿಲಿನಲ್ಲಿ ಅವರು ಕುರ್ಚಿಯಿಂದ ಇಳಿದರು. ಯಾರ ಕೈಯನ್ನೂ ಹಿಡಿಯದೆ ನೇರ ಆ ಗೋಡೆಯ ಹತ್ತಿರ ಹೋಗಿ, ಕಷ್ಟಪಟ್ಟು ನೆಲದ ಮೇಲೆ ಕೂತರು. ಅಂಗೈಯಿಂದ ಗೋಡೆಯನ್ನು ಸವರಿದರು. ಬೆರಳಿಗೆ ಸುಣ್ಣ ಮೆತ್ತಿತು. ಬೆರಳನ್ನೇ ನೋಡುತ್ತ ಕೂತರು. ಆಮೇಲೆ ಏನೋ ಕೇಳಿದರು. ಕಾಕ ಹೂಜಿಯನ್ನು ಕೆಳಗಿಟ್ಟರು.

"ಎಂತ ಕಾಕಾ?" ಅಂದೆ.

"ಇಲ್ಲಿ ಚಿತ್ರ ಇತ್ತಂತೆ ಬಾಯಮ್ಮ. ಎಲ್ಲಿ ಹೋಯ್ತು ಅಂತ ಕೇಳ್ತಿದ್ದಾರೆ."

ಮೌಝಾ ಹೇಳುತ್ತ ಹೋದರು, ಕಾಕ ತಲೆ ತಗ್ಗಿಸಿಕೊಂಡು ತುಂಡು ತುಂಡಾಗಿ ನನಗೆ ತಿಳಿಸಿದರು. ಮೌಝಾಗೆ ಒಬ್ಬ ಅಣ್ಣ ಇದ್ದ, ಸಾಲಿಂ. ಇದು ಆಗ ಗಂಡಸರು ಅತಿಥಿಗಳನ್ನು ಕೂರಿಸುವ ಕೋಣೆ. ಹೆಣ್ಣುಮಕ್ಕಳು ಬರುವಂತಿರಲಿಲ್ಲ. ಇಲ್ಲಿ ನೆಲದಲ್ಲಿ ಕೂತು, ಕಿಟಕಿಯಿಂದ ಕಂಡ ಮಂಜಿಗಳನ್ನೆಲ್ಲ ಸಾಲಿಂ ಇದ್ದಿಲಿನಿಂದ ಗೋಡೆಗೆ ಬರೆಯುತ್ತಿದ್ದ. ಹದಿನೆಂಟಕ್ಕೆ ಅಪ್ಪ ಅವನನ್ನು ಮಂಗಳೂರಿಗೆ ಹೊರಟ ಮಂಜಿಯಲ್ಲಿ ಕಳಿಸಿದ. ಹದಿಮೂರರ ಮೌಝಾ ತಾನೂ ಬರುತ್ತೇನೆಂದು ಅವನ ಅಂಗಿ ಹಿಡಿದು ಅತ್ತಳು. ಹುಡುಗಿಯರು ಮಂಜಿ ಹತ್ತುವುದಿಲ್ಲ ಎಂದು ಅವನು ಬಿಡಿಸಿಕೊಂಡ. ಹೋಗುವಾಗ, "ಗೋಡೆಯಲ್ಲಿ ನಿನ್ನನ್ನೂ ಬರೆದಿದ್ದೇನೆ, ಕದ್ದು ಹೋಗಿ ನೋಡು" ಅಂದ. ಸಿಟ್ಟಿನಲ್ಲಿ ಅವಳು ನೋಡಲಿಲ್ಲ. ಎರಡು ತಿಂಗಳಿಗೆ ಮಂಜಿ ಮುಳುಗಿದ ಸುದ್ದಿ ಬಂತು. ಅಪ್ಪ ಆ ಕೋಣೆಗೆ ಬೀಗ ಜಡಿದ. ಆಮೇಲೆ ಮದುವೆ, ಅಪ್ಪನ ಸಾವು, ಚಿಕ್ಕಪ್ಪನವರೊಂದಿಗೆ ಮನಸ್ತಾಪ. ಸಾಲಿಂನ ಒಂದು ಫೋಟೋ ಕೂಡ ಇಲ್ಲ.

"ಅವರಿಗೆ ಬೇರೆ ಎಂತದೂ ಬೇಡವಂತೆ. ಅಣ್ಣ ತನ್ನನ್ನು ಹೇಗೆ ಬರೆದಿದ್ದ, ಅದೊಂದು ತಿಳೀಬೇಕಂತೆ. ನೀವು ಈ ಕೋಣೆಯಲ್ಲಿ ಇದ್ದವರಲ್ವಾ, ನೋಡಿರ್ತೀರಿ, ಹೇಳಿ ಅಂತಿದ್ದಾರೆ."

ಮೌಝಾ ನನ್ನ ಕಡೆಗೇ ತಿರುಗಿದ್ದರು. ಕಣ್ಣಿನಲ್ಲಿ ಸಿಟ್ಟಿನ ಲವಲೇಶವೂ ಇರಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ಕಾಕಾ, ಹೇಳಿ ಅವರಿಗೆ. ನಾನು ನೋಡಲಿಲ್ಲ. ಹೊಗೆಯ ಮಸಿ ಅಂದುಕೊಂಡೆ. ನಾನೇ ತಿಕ್ಕಿ ತೊಳೆದೆ, ನನ್ನ ಕೈಯಾರೆ. ಕ್ಷಮಿಸಬೇಕು ಅಂತ ಹೇಳಿ."

ಕಾಕ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಅಜ್ಜಿಯ ಕಡೆ ತಿರುಗಿ ಮಾತಾಡತೊಡಗಿದರು. ನಾನು ಹೇಳಿದ್ದಕ್ಕಿಂತ ಬಹಳ ಉದ್ದ ಮಾತಾಡಿದರು. ನಡುವೆ "ಬಿಂತ್" ಅಂದದ್ದು ತಿಳಿಯಿತು, ಹುಡುಗಿ ಎಂದು. ಕಿಟಕಿಯಾಚೆ ದಂಡೆಯನ್ನು ತೋರಿಸಿದರು. ಆಮೇಲೆ ತಮ್ಮ ಬಲಗೈ ಎತ್ತಿ, ಹೋಗುವವರಿಗೆ ಬೀಸುವ ಹಾಗೆ ಮೆಲ್ಲನೆ ಬೀಸಿದರು.

ಮೌಝಾ ಎರಡು ಸಲ ಅದೇ ಮಾತು ಕೇಳಿದರು, ಕಾಕ ಎರಡು ಸಲವೂ ತಲೆಯಾಡಿಸಿದರು. ಮುದುಕಿ ನನ್ನ ತಲೆಯನ್ನು ಎಳೆದು ಹಣೆಗೆ ಮುತ್ತಿಟ್ಟರು. ನನ್ನ ಕೆನ್ನೆಗೂ ಸುಣ್ಣ ಮೆತ್ತಿತು. ಕಾಫಿ ಕುಡಿದರು, ಖರ್ಜೂರ ತಿಂದರು, ರಿಯಾಳ ಗಲ್ಲ ಹಿಡಿದು ಹಲ್ವದ ಡಬ್ಬ ಕೊಟ್ಟರು, ಹೊರಟರು. ಮೆಟ್ಟಿಲು ಇಳಿಯುವಾಗ ಒಂದು ಸಲವೂ ಹಿಂದೆ ನೋಡಲಿಲ್ಲ.

ಕಾರು ಹೋದ ಮೇಲೆ ಕಾಕನನ್ನು ಹಿಡಿದು ಕೇಳಿದೆ.

"ಸುಳ್ಳು ಹೇಳಿದೆ ಬಾಯಮ್ಮ" ಅಂದರು. "ಒಂದು ದೊಡ್ಡ ಮಂಜಿ ಹೋಗ್ತಾ ಉಂಟು, ಒಂದು ಸಣ್ಣ ಹುಡುಗಿ ದಂಡೆಯಲ್ಲಿ ನಿಂತು ಕೈ ಬೀಸ್ತಾ ಉಂಟು, ಅದು ಎಷ್ಟು ಚೆಂದ ಇತ್ತು ಅಂತ ಈ ನರ್ಸಮ್ಮ ಹೇಳ್ತಾಳೆ ಅಂದೆ."

"ಐದು ಹೊತ್ತು ನಮಾಜು ಮಾಡುವವರು ನೀವು ಕಾಕಾ!"

"ನಾನು ಮೂವತ್ತು ವರ್ಷ ಆ ಗೋಡೆಯ ಬುಡದಲ್ಲಿ ಮಲಗಿದವ. ನೀವು ನಾಲ್ಕು ತಿಂಗಳು ಅಲ್ಲಿ ಅಕ್ಕಿ ಅಳೆದವರು. ನಾವು ಇಬ್ಬರೂ ನೋಡ್ಲಿಲ್ಲ. ಮತ್ತೆ ಎಂತ ಸತ್ಯ ಹೇಳ್ಲಿಕ್ಕುಂಟು ನಮ್ಮ ಹತ್ರ?" ಅವರು ಖಾಲಿ ಹೂಜಿ ಎತ್ತಿಕೊಂಡರು. "ಆ ಕಾಲದ ಹುಡುಗಿ, ಮಂಜಿಯಲ್ಲಿ ಕೂತಿದ್ಲು ಅಂದ್ರೆ ನಂಬ್ತಾರಾ? ದಂಡೆಯಲ್ಲಿ ಅಂದ್ರೆ ಸರಿ ಕೂರ್ತದೆ. ಅಷ್ಟು ವರ್ಷದ ಆಸೆಗೆ ಒಂದು ಉತ್ತರವಾದ್ರೂ ಸಿಕ್ಕಲಿ. ಈ ಒಂದು ಸುಳ್ಳನ್ನು ಅಲ್ಲಾಹು ಮಾಫ್ ಮಾಡ್ತಾನೆ."

ಮರುದಿನ ಕಾಕ ಒದ್ದೆ ಬಟ್ಟೆ ಹಿಡಿದು ಸುಣ್ಣವನ್ನು ಪದರಪದರವಾಗಿ ತೆಗೆಯುತ್ತ ಕೂತಿದ್ದರು. ನಾನೂ ಕೂತೆ. ಕೆಳಗೆ ಬೋಳು ಗಾರೆ. ಅಲ್ಲಲ್ಲಿ ನನ್ನ ಚೂರಿಯ ಗೀರು. ಅಷ್ಟು ಚೆನ್ನಾಗಿ ತಿಕ್ಕಿದ್ದೆ.

ಮಾರ್ಚಿನಲ್ಲಿ ರೋನಿಗೆ ಬೇರೆ ಕೆಲಸ ಸಿಕ್ಕಿ ನಾವು ಅಲ್ ಖೌದಿಗೆ ಬಂದೆವು. ನಿಜ ಹೇಳುವುದಾದರೆ ಕೆಲಸ ಹುಡುಕು ಎಂದು ಅವನ ಬೆನ್ನು ಬಿದ್ದವಳು ನಾನೇ. ಆ ಕೋಣೆಯಲ್ಲಿ ನನಗೆ ಉಣ್ಣಲಾಗುತ್ತಿರಲಿಲ್ಲ. ಗೋಡೌನು ಮುಚ್ಚಿದ ಮೇಲೆ ಕಾಕ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೋದರು. ಎರಡು ವರ್ಷದ ಹಿಂದೆ ಮೌಝಾ ತೀರಿಕೊಂಡರೆಂದು ಸುಲೈಮಾನ್ ಮೆಸೇಜು ಕಳಿಸಿದ್ದರು.

ಇಷ್ಟೆಲ್ಲ ಮೆಟ್ಟಿಲ ಬುಡದಲ್ಲಿ ಕೂತವಳ ತಲೆಯಲ್ಲಿ ಹಾದುಹೋಯಿತು. ಮೇಲಿನಿಂದ ಸುಲೈಮಾನ್ ಕರೆದರು. ಎದ್ದು ಹತ್ತಿದೆ.

ಮನೆ ಗುರುತು ಸಿಗದಷ್ಟು ಚೆನ್ನಾಗಿತ್ತು. ನಮ್ಮ ಅಡುಗೆಯ ಜಾಗದಲ್ಲಿ ದಿಂಬು, ರತ್ನಗಂಬಳಿ. ಸಾಹುಕಾರರ ತಕ್ಕಡಿ ಗಾಜಿನ ಪೆಟ್ಟಿಗೆಯಲ್ಲಿ. ಒಳಕೋಣೆಯ ಆ ಗೋಡೆಯಲ್ಲಿ, ಬಿಳಿ ಸುಣ್ಣದ ಮೇಲೆ, ಕಪ್ಪು ಗೆರೆಗಳ ಚಿತ್ರ. ಹಾಯಿ ಬಿಚ್ಚಿ ಹೊರಟ ಒಂದು ದೊಡ್ಡ ಮಂಜಿ. ಈಚೆ ದಂಡೆಯಲ್ಲಿ ಕೈ ಎತ್ತಿ ನಿಂತ ಪುಟ್ಟ ಹುಡುಗಿ. ಪಕ್ಕದಲ್ಲಿ ಸಾಲಿಂನ ಹೆಸರಿನ ಫಲಕ.

"ಅಜ್ಜಿ ಹೇಳಿದ ಹಾಗೆಯೇ ಒಬ್ಬ ಚಿತ್ರಗಾರನಿಂದ ಬರೆಸಿದೆ" ಅಂದರು ಸುಲೈಮಾನ್. "ನೀವು ಹೇಳಿದ ಒಂದೊಂದು ಮಾತೂ ಅವರಿಗೆ ಬಾಯಿಪಾಠ. ಕೊನೆಕೊನೆಗೆ ಅದೇ ಧ್ಯಾನ. 'ನೋಡು, ಅಣ್ಣ ಚಿತ್ರದಲ್ಲೂ ನನ್ನನ್ನು ದಂಡೆಯಲ್ಲೇ ಬಿಟ್ಟು ಹೋದ, ಒಂದು ಚಿತ್ರದಲ್ಲಾದರೂ ಕರೆದುಕೊಂಡು ಹೋಗಬಹುದಿತ್ತಲ್ಲ' ಎಂದು ಅಳುತ್ತಿದ್ದರು."

ನಾನು ಗೋಡೆಗೆ ಒರಗಿ ನಿಂತೆ. ರಿಯಾ ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಹದಿನಾಲ್ಕರ ಹುಡುಗಿ, ಏನು ಕೇಳಿದರೂ ಉತ್ತರ ಅರ್ಧ ಇಂಗ್ಲಿಷಿನಲ್ಲೇ.

"ದಿಸ್ ಈಸ್ ರಾಂಗ್, ಮಮ್ಮಾ" ಅಂದಳು.

ಎಂತದು ಎಂದು ನಾನು ಕೇಳುವ ಮೊದಲೇ ಅವಳೇ ಹೇಳಿದಳು. ಮಂಜಿಗಳು ತುಂಬ ಇದ್ದವು, ಒಂದಲ್ಲ. ಅಕ್ಕಿ ಡಬ್ಬದ ಹಿಂದೆ ಕೂತು ತಾನು ದಿನಾ ಎಣಿಸುತ್ತಿದ್ದಳಂತೆ. ಎಲ್ಲಕ್ಕಿಂತ ಕೆಳಗೆ, ನೆಲಕ್ಕೆ ತಾಗಿ, ಒಂದೇ ಒಂದರಲ್ಲಿ ಜನ ಇದ್ದರು. ದಂಡೆಯಲ್ಲಿ ಯಾರೂ ಇರಲಿಲ್ಲ.

"ದ ಗರ್ಲ್ ವಾಸ್ ಇನ್ ದ ಬೋಟ್. ಮುಂದೆ ಅವಳು, ಹಿಂದೆ ಒಬ್ಬ ದೊಡ್ಡ ಹುಡುಗ. ಎರಡು ಜಡೆ ಇತ್ತು ಅವಳಿಗೆ. ನೀನು ಸುಣ್ಣ ಹಚ್ಚಿದ ದಿನ ನಾನು ಅತ್ತಿದ್ದೆ, ಮಮ್ಮಾ. ಗೋಡೆ ಈಗ ಕ್ಲೀನ್ ಆಯ್ತಲ್ಲ ಅಂದೆ ನೀನು."

ನನಗೆ ಅದು ನೆನಪೇ ಇಲ್ಲ.

ಸುಲೈಮಾನ್ ನನ್ನ ಮುಖ ನೋಡಿದರು. ಅಲ್ಲಿಯೇ ನಿಂತು ಎಲ್ಲವನ್ನೂ ಹೇಳಿದೆ. ಕಾಕ ಕನಿಕರದಿಂದ ಕಟ್ಟಿದ ಸುಳ್ಳು, ಗೊತ್ತಾದ ಮೇಲೂ ಬಾಯಿ ಮುಚ್ಚಿ ಕೂತ ನಾನು, ಯಾವುದನ್ನೂ ಬಿಡಲಿಲ್ಲ. ಅವರು "ಖಲಾಸ್, ಸಿಸ್ಟರ್" ಅಂದು ಕಿಟಕಿಯ ಕಡೆಗೆ ತಿರುಗಿ ನಿಂತರು. ಚಿತ್ರವನ್ನು ಬದಲಿಸಬಹುದು, ಫಲಕವನ್ನೂ ಬದಲಿಸಬಹುದು. ನೋಡಬೇಕಾದ ಜೀವ, ಅಣ್ಣ ತನ್ನನ್ನು ದಂಡೆಯಲ್ಲೇ ಬಿಟ್ಟುಹೋದನೆಂಬ ಕೊರಗಿನಲ್ಲೇ ಹೋಯಿತು. ಅಂದು ಈ ಹುಡುಗಿ ಹಲ್ವದ ಡಬ್ಬ ಹಿಡಿದು ಅಜ್ಜಿಯ ಮಗ್ಗುಲಲ್ಲೇ ನಿಂತಿದ್ದಳು. ಅಜ್ಜಿಯಲ್ಲದೆ ಕೋಣೆಯಲ್ಲಿದ್ದ ನಾಲ್ಕು ಜನ ದೊಡ್ಡವರಲ್ಲಿ ಒಬ್ಬರಿಗೂ ಅವಳನ್ನು ಕೇಳಬೇಕೆಂದು ತೋಚಲಿಲ್ಲ.

ಮೊನ್ನೆ ಊರಿನಿಂದ ಕಾಕನ ಫೋನು ಬಂತು. ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲವಂತೆ, ಕಿವಿ ಮಾತ್ರ ಚುರುಕು. ನಾನು ಮನೆ ನೋಡಲು ಹೋಗಿದ್ದು ಅವರಿಗೆ ರೋನಿಯಿಂದ ತಿಳಿದಿತ್ತು.

"ಗೋಡೆಯಲ್ಲಿ ಚಿತ್ರ ಬರೆಸಿದ್ದಾರಂತಲ್ಲ ಬಾಯಮ್ಮ? ನಾನು ಹೇಳಿದ ಹಾಗೆಯೇ ಉಂಟಾ?"

"ಹಾಗೆಯೇ ಉಂಟು ಕಾಕಾ" ಅಂದೆ.

"ಅಲ್‌ಹಮ್ದುಲಿಲ್ಲಾ. ಆ ಅಜ್ಜಿಗೆ ಅಷ್ಟಾದ್ರೂ ಸಮಾಧಾನ ಸಿಕ್ಕಿತಲ್ಲ."

"ಸಿಕ್ಕಿತು ಕಾಕಾ" ಅಂದೆ.